ಮುಚ್ಚಳ ಹಿಡಿದು ಎತ್ತು

"ಮುಚ್ಚಳ ಮಾತ್ರ ಹಿಡ್ಕೊಂಡು ಎತ್ತು, ಜಾಡಿ ಮುಟ್ಟಬೇಡ" ಎಂದ ಅತ್ತೆ ಗೆರ್ಲಿಂಡ್, ಸೊಸೆ ವೀಬ್ಕೆಯ ಮುಂದೆ ತನ್ನ ಏಪ್ರನ್ ಹರಡಿ ಹಿಡಿದಳು. ನಿನ್ನೆ ಕುದಿಸಿ ಆರಲು ಬಿಟ್ಟ ರಾಸ್ಪ್‌ಬೆರಿ ಜಾಮಿನ ಗಾಜಿನ ಜಾಡಿಗಳಿಂದ, ಮುಚ್ಚಳ ಬಿಗಿದಿಟ್ಟಿದ್ದ ಕ್ಲಿಪ್ ತೆಗೆದಾಗಿತ್ತು. ಕುದಿಯುವಾಗ ಗಾಳಿಯೆಲ್ಲ ಹೊರಹೋಗಿದ್ದರೆ ಮುಚ್ಚಳ ಜಾಡಿಗೆ ಕಚ್ಚಿಕೊಂಡಿರುತ್ತದೆ; ಒಳಗೆ ಗಾಳಿ ಉಳಿದಿದ್ದರೆ ಕಳಚಿಕೊಳ್ಳುತ್ತದೆ. ಅಂಥ ಜಾಡಿಗೆ ನೆಲಮಾಳಿಗೆಯ ಕಪಾಟಿನಲ್ಲಿ ಜಾಗವಿಲ್ಲ. ವೀಬ್ಕೆ ಬೆರಳ ತುದಿಯಲ್ಲಿ ಮುಚ್ಚಳ ಹಿಡಿದಳು. ಎತ್ತಿದಳು. ಜಾಡಿ ಮುಚ್ಚಳಕ್ಕೆ ಕಚ್ಚಿಕೊಂಡೇ ಮೇಲೆದ್ದು ಬಂತು!

"ಹಿಡೀತು ಅತ್ತೆ, ಹಿಡೀತು!"

"ಕುಣೀಬೇಡ ಮಾರಾಯ್ತಿ, ಬೀಳುತ್ತೆ! ಅಂಗಡಿ ಜಾಮ್ ತಿನ್ನೋ ಹ್ಯಾಂಬರ್ಗ್ ಪೇಟೆಯೋಳು ನೀನು. ಅಂಚು ಒರೆಸು, ಅಂಚು ಒರೆಸು ಅಂತ ನಾನು ಬಡ್ಕೊಂಡಿದ್ದಕ್ಕೆ ಹಿಡೀತು. ಈಗ ನಂದು ನೋಡು."

ಗೆರ್ಲಿಂಡ್ ತನ್ನ ಜಾಡಿಯನ್ನು ಗತ್ತಿನಿಂದ ಎತ್ತಿದಳು. ಈ ಸಲ ಏಪ್ರನ್ ಹರಡಿದವಳು ವೀಬ್ಕೆ. ಗೇಣುದ್ದ ಮೇಲೆ ಬಂದ ಜಾಡಿ ಕಳಚಿ, ದೊಪ್ಪೆಂದು ಏಪ್ರನ್ನಿನೊಳಗೆ ಬಿತ್ತು.

ಅತ್ತೆಯ ಕೈಯಲ್ಲಿ ಬರೀ ಮುಚ್ಚಳ ಉಳಿದಿತ್ತು. ಅದರ ರಬ್ಬರ್ ಉಂಗುರಕ್ಕೆ ಹಣ್ಣಿನ ಒಂದೇ ಒಂದು ಬೀಜ ಅಂಟಿತ್ತು. ಆಕೆ ಬೀಜವನ್ನು ನೋಡಿದಳು, ಸೊಸೆಯನ್ನು ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು.

"ನನ್ನ ಮಗ ಬರೋಕೆ ಇನ್ನೂ ಹೊತ್ತಿದ್ಯಾ?"

"ಇದೆ ಅತ್ತೆ."

"ಹಾಗಾದ್ರೆ ಬೇಗ ಬ್ರೆಡ್ ತಗೊಂಡ್ಬಾ. ಎರಡು ಚಮಚಾನೂ ತಾ. ಸಾಕ್ಷಿ ಉಳೀಬಾರ್ದು!"