ಏರ್‌ಪೋರ್ಟ್ ಬಸ್ಸಿನಲ್ಲಿ ತೊಡಿಸಿದ ಬಳೆ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಅಳುಕಿದ್ದೇನೆ. ನಂಬಿ ಎಂದು ಯಾರನ್ನೂ ಒತ್ತಾಯಿಸುವ ಧೈರ್ಯ ನನಗಿಲ್ಲ. ಹೇಳಿದ್ದು ಹೆಚ್ಚೆನಿಸಿದರೆ ಕ್ಷಮಿಸಬೇಕು. ನನಗೆ ತಿಳಿದ ಮಟ್ಟಿಗೆ ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚು ಸೇರಿಸಿಲ್ಲ.

ಬೆಂಗಳೂರಿನಿಂದ ಸ್ವೀಡನ್ನಿನ ಉತ್ತರದ ಲುಲೆಯೊಗೆ, ನನ್ನ ಮನೆಗೆ ಮರಳುವ ದಾರಿಯಲ್ಲಿ ಒಂದು ರಾತ್ರಿ ಗೋಥೆನ್‌ಬರ್ಗಿನಲ್ಲಿ ತಂಗಬೇಕಿತ್ತು. ವಿಮಾನ ನಿಲ್ದಾಣದಲ್ಲಿ ಬಸ್ಸು ಹತ್ತುವಾಗ ನವೆಂಬರಿನ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ, ಆಗಲೇ ಕತ್ತಲು. ನನ್ನ ತೊಡೆಯ ಮೇಲೆ ಮೈಸೂರು ಪಾಕಿನ ಹಳೆಯ ಡಬ್ಬ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಹಸಿರು ಗಾಜಿನ ಬಳೆ. ಕೊಟ್ಟವರು ನನ್ನ ಪರಿಚಯದ, ಮಲ್ಲೇಶ್ವರದ ಉಮಾಕಾಂತ. ಗೋಥೆನ್‌ಬರ್ಗಿಗೆ ಅಂಟಿಕೊಂಡ ಮೋಲ್ನ್‌ಡಾಲ್‌ನಲ್ಲಿರುವ ಅವರ ಮಗಳು ಇಳಾಗೆ ಏಳನೇ ತಿಂಗಳು. ಮಗಳ ಸೀಮಂತಕ್ಕೆಂದು ಈ ಬಳೆ ಆರಿಸಿ ತಂದಿಟ್ಟ ತಾಯಿ ಶ್ರಾವಣದಲ್ಲಿ ತೀರಿಕೊಂಡಿದ್ದರು. “ಎಲ್ಲರೂ ಉಪ್ಪಿನಕಾಯಿ ಕಳಿಸ್ತಾರೆ, ನಾನು ಗಾಜು ಕಳಿಸ್ತಿದೀನಿ ನೋಡಮ್ಮ” ಎಂದು ನಗಲು ನೋಡಿದ ಉಮಾಕಾಂತರು, ಡಬ್ಬದಲ್ಲಿ ಏನಿದೆಯೆಂದು ಮಗಳಿಗೆ ಹೇಳಿಲ್ಲ, ನೀನೇ ಅವಳ ಕೈಗೆ ತೊಡಿಸಿ ಹರಸಬೇಕು ಎಂದು ಕೇಳಿಕೊಂಡಿದ್ದರು. ಹಾಗೇ ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಕಾಲುವೆಯ ಪಕ್ಕದ ನನ್ನ ಹೋಟೆಲಿಗೆ ಇಳಾ ಬಂದು ಕಾಯುವುದೆಂದು ಫೋನಿನಲ್ಲಿ ಮಾತಾಗಿತ್ತು.

ಬಸ್ಸು ಹೊರಡುವ ಹೊತ್ತಿಗೆ ಒಬ್ಬ ಹುಡುಗಿ ಬಂದು ನನ್ನ ಪಕ್ಕ ಕುಳಿತಳು. ಅರ್ಧ ಬಸ್ಸು ಖಾಲಿ ಇತ್ತು. ಈ ದೇಶದಲ್ಲಿ ಯಾರೂ ಹಾಗೆ ಗುರುತಿಲ್ಲದವರ ಪಕ್ಕ ಕೂರುವುದಿಲ್ಲ. ಕಪ್ಪು ಜಾಕೆಟ್ಟು, ಒದ್ದೆ ಕೂದಲು, ಎದ್ದು ಕಾಣುವ ಹೊಟ್ಟೆ. ಡಬ್ಬದ ಮೇಲೆ ಕೈಯಿಟ್ಟು, “ಅಮ್ಮ ಇಟ್ಟಿದ್ದ ಬಳೆ ತಂದ್ರಾ ಅಕ್ಕ?” ಅಂದಳು.

ಇಳಾಳ ಮುಖ ನಾನು ಕಂಡಿರಲಿಲ್ಲ. ವಾಟ್ಸ್ಯಾಪಿನಲ್ಲಿ ಅವಳು ಹಾಕಿಕೊಂಡದ್ದು ಒಂದು ಹೂವಿನ ಚಿತ್ರ. ಪಾಪ, ಮಗಳಿಗೆ ಹೇಳದೆ ಇರಲು ತಂದೆಗೆ ಆಗಲಿಲ್ಲ ಎಂದುಕೊಂಡೆ. ಈ ಸ್ಥಿತಿಯಲ್ಲಿ ಏರ್‌ಪೋರ್ಟಿನ ತನಕ ಬರುವುದೇ ಎಂದು ಗದರಿಯೂ ಬಿಟ್ಟೆ. ಹೋಟೆಲಿನವರೆಗೆ ಬರಲು ತನಗಾಗದು, ಒಂದು ನಿಲ್ದಾಣ ಮೊದಲೇ ಕಾಲುವೆಯ ಹತ್ತಿರ ಇಳಿಯುತ್ತೇನೆ, ಇಲ್ಲೇ ತೊಡಿಸಿ ಎಂದಳು.

“ಬಸ್ಸಲ್ಲೇ? ಗಾಜು ಕಣಮ್ಮ, ಒಡೆದ್ರೆ?”

“ಒಡೆಯಲ್ಲ ಅಕ್ಕ. ನೀವು ಒತ್ತಿ.”

ಬಳೆಗಾರರು ಹಿಡಿಯುವಂತೆ ಬೆರಳುಗಳನ್ನು ಕೂಡಿಸಿ ಒತ್ತಿದೆ. ಆ ಕೈ ಮೂಳೆಯೇ ಇಲ್ಲದಂತೆ ಮಡಚಿಕೊಂಡಿತು. ರಾತ್ರಿಯೆಲ್ಲ ನೀರಲ್ಲಿ ನೆನೆದ ಬಟ್ಟೆಯಷ್ಟು ತಣ್ಣಗಿತ್ತು. ಬೆಚ್ಚಿ ಬಿಟ್ಟುಬಿಟ್ಟೆ. ಬಸುರಿಯರಿಗೆ ಕೈಗೆ ನೀರು ತುಂಬುವುದುಂಟು ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಹಿಡಿದೆ. ಬಳೆಗಳ ಸದ್ದಿಗೆ ಮುಂದಿನ ಸೀಟಿನ ಅಜ್ಜಿಯೊಬ್ಬರು ತಿರುಗಿ ನೋಡಿ, ನಮ್ಮಿಬ್ಬರಿಗೂ ಮುಗುಳ್ನಕ್ಕರು. ಎರಡೂ ಕೈ ತುಂಬಿದ ಮೇಲೆ ಅವಳು ನನ್ನ ಕಾಲಿಗೆ ಬಗ್ಗಹೋದಳು. ಬೇಡವೆಂದು ತಡೆದು, ಒದ್ದೆ ತಲೆಯ ಮೇಲೆ ಕೈಯಿಟ್ಟು, ಸುಖವಾಗಿ ಹೆರಿಗೆಯಾಗಲಿ, ತಾಯಿ ಮಗು ಚೆನ್ನಾಗಿರಿ ಎಂದು ಹರಸಿದೆ.

ಕಾಲುವೆಯ ಬಳಿ ಬಸ್ಸು ನಿಂತಾಗ ಇಳಿದು ಹೋದಳು. ಬಾಗಿಲು ಮುಚ್ಚಿದ ಮೇಲೂ ಬಳೆಯ ಸದ್ದು ನಿಲ್ಲಲಿಲ್ಲ. ಕಿಟಕಿಗೆ ಮುಖವೊತ್ತಿ ನೋಡಿದೆ. ದೀಪದ ಕೆಳಗಿನ ಕಾಲುದಾರಿಯಲ್ಲಿ ಯಾರೂ ಇರಲಿಲ್ಲ. ಸದ್ದು ಬರುತ್ತಿದ್ದದ್ದು ದಂಡೆಯ ಕಂಬಿಯ ಆಚೆ, ನೀರಿನ ಕಡೆಯಿಂದ.

ಹೋಟೆಲಿನಲ್ಲಿ ಸೋಫಾದಿಂದ ಒಬ್ಬ ಹುಡುಗಿ ಸೊಂಟ ಹಿಡಿದುಕೊಂಡು ಎದ್ದು, “ಕಮಲಕ್ಕ ಅಲ್ವಾ? ನಾನು ಇಳಾ” ಅಂದಳು. ಫೋನಿನಲ್ಲಿ ಕೇಳಿದ್ದ ದನಿ ಇದೇ. ಎರಡೂ ಕೈ ಬರಿದು. ಎಷ್ಟು ಕೇಳಿದರೂ ಅಪ್ಪ ಬಾಯಿ ಬಿಡಲಿಲ್ಲ, ಮೈಸೂರು ಪಾಕು ತಾನೇ ಎಂದು ಆಸೆಯಿಂದ ಡಬ್ಬ ತೆಗೆದುಕೊಂಡಳು. ಒಳಗಿದ್ದದ್ದು ಬರೀ ಹತ್ತಿ. ನಡೆದದ್ದನ್ನು ತಡವರಿಸುತ್ತ ಹೇಳಿದೆ. ಬೈಯುತ್ತಾಳೆ, ಇಲ್ಲವೇ ಪೊಲೀಸರನ್ನು ಕರೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಹತ್ತಿಯಲ್ಲಿ ಉಳಿದಿದ್ದ ಬಳೆಗಳ ಗುಂಡನೆಯ ಗುರುತಿನೊಳಗೆ ಬೆರಳಾಡಿಸಿದಳು.

“ಅವಳು ನಿಜವಾಗ್ಲೂ ಬಸುರೀನಾ ಅಕ್ಕ?”

“ನೋಡಿದ್ರೆ ನಿನ್ನಷ್ಟೇ ತಿಂಗಳು.”

“ಹಾಗಾದ್ರೆ ಬಿಡಿ. ಅವಳಿಗೂ ತೊಡಿಸೋಕೆ ಯಾರೂ ಇರಲಿಲ್ಲವೇನೋ.”

ನನ್ನೆದುರಿಗೇ ತಂದೆಗೆ ಫೋನು ಮಾಡಿ, “ತೊಟ್ಕೊಂಡೆ ಅಪ್ಪ, ಅಳತೆ ಸರಿಯಾಗಿದೆ” ಅಂದಳು. ಆ ಕಡೆಯಿಂದ ಅಳು ಕೇಳಿಸಿತು. ನನ್ನ ಕೈಯಲ್ಲಿದ್ದ ಗಾಜಿನ ಬಳೆ ತೆಗೆದು ಅವಳಿಗೆ ತೊಡಿಸಿದೆ. ಮೂಳೆ ಅಡ್ಡ ಬಂದು ಅವಳಿಗೆ ನೋವಾಯಿತು. ನನಗೆ ಅದರಿಂದಲೇ ಎಷ್ಟೋ ಸಮಾಧಾನ. ಬೇರೆ ಮಾತು ತೋಚದೆ, ಬಸ್ಸಿನಲ್ಲಿ ಹರಸಿದ್ದನ್ನೇ ಮತ್ತೊಮ್ಮೆ ಹೇಳಿದೆ.

ಚಳಿಗಾಲ ಮುಗಿಯುವ ಮೊದಲೇ ಇಳಾಗೆ ಹೆಣ್ಣು ಮಗುವಾಯಿತು. ತಾಯಿ ಮಗು ಚೆನ್ನಾಗಿದ್ದಾರೆ. ಆದರೆ ಆ ದಿನ ನಾನು ಹರಸಿದ್ದು ಇಬ್ಬರು ಬಸುರಿಯರನ್ನು. ಇನ್ನೊಂದು ಮಗು ಎಲ್ಲಿ ಹುಟ್ಟಿತೋ, ನನಗೆ ಗೊತ್ತಿಲ್ಲ.