ಕೊನೆಯಿಂದ ಎರಡನೆಯವರು

ರೇಡಿಯೋದವನು ಕೊನೆಯ ಹೆಸರು ಓದಿದಾಗ ಆರ್ಡಿತ್ ಬೀಮನ್ ತನ್ನ ಕಿವಿಯನ್ನೇ ನಂಬಲಿಲ್ಲ. ವರ್ಷಕ್ಕೊಮ್ಮೆ, ಫೆಬ್ರವರಿಯ ಅಧ್ಯಕ್ಷರ ದಿನ ಬಂತೆಂದರೆ, ಇತಿಹಾಸದ ಪ್ರೊಫೆಸರುಗಳೆಲ್ಲ ಸೇರಿ ದೇಶವಾಳಿದ ಅಷ್ಟೂ ಅಧ್ಯಕ್ಷರನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುತ್ತಾರೆ. ಆ ಸಾಲಿನ ಕಟ್ಟಕಡೆಯಲ್ಲಿ ಖಾಯಂ ಆಗಿ ನಿಲ್ಲುತ್ತಿದ್ದವರು ಈ ಊರಿನ ಸುಪುತ್ರ ಎಲೈಜಾ ಟ್ರಸ್ಕಾಟ್. ಅಂತರ್ಯುದ್ಧಕ್ಕೆ ಮುಂಚೆ ದೇಶ ಕಣ್ಣೆದುರೇ ಎರಡು ಹೋಳಾಗುತ್ತಿದ್ದಾಗ ಶ್ವೇತಭವನದಲ್ಲಿ ಕೂತು, ಯಾರು ಏನು ಕೇಳಿದರೂ "ನೋಡೋಣ" ಎನ್ನುತ್ತಲೇ ಅವಧಿ ಮುಗಿಸಿದ ಪುಣ್ಯಾತ್ಮರು. ಈ ಸಲ ಅವರ ಹೆಸರು ಕೊನೆಯದಾಗಿ ಬರಲಿಲ್ಲ, ಅದಕ್ಕಿಂತ ಒಂದು ಮುಂಚೆ ಬಂತು.

ಆರ್ಡಿತ್ ಬೀಮನ್ ಹತ್ತಿರದ ಕುರ್ಚಿಯ ಮೇಲೆ ಧೊಪ್ಪನೆ ಕೂತಳು. ಅದು ಟ್ರಸ್ಕಾಟ್ ಕೂರುತ್ತಿದ್ದ ಕುರ್ಚಿ. ಯಾರೂ ಕೂರಬಾರದೆಂದು ಸುತ್ತ ಹಗ್ಗ ಕಟ್ಟಿದ್ದವಳೂ ಅವಳೇ. ಟ್ರಸ್ಕಾಟ್ ಹುಟ್ಟಿದ ಈ ಮನೆಯ ಮ್ಯೂಸಿಯಮ್ಮನ್ನು ಅವಳು ಹರೆಯದಿಂದ ನೋಡಿಕೊಂಡು ಬಂದಿದ್ದಳು. ಅಧ್ಯಕ್ಷರು ರಾತ್ರಿ ಮಲಗುತ್ತಿದ್ದ ಮಂಚ, ಮಧ್ಯಾಹ್ನ ಮಲಗುತ್ತಿದ್ದ ಇನ್ನೊಂದು ಮಂಚ, ಮಸಿ ಒಣಗಿಹೋದ ಲೇಖನಿ, ಎಲ್ಲದರ ಧೂಳು ಹೊಡೆದು, ಮಹಡಿಯ ಕೋಣೆಯಲ್ಲಿ ವಾಸವಾಗಿದ್ದಳು. ಹೋಗಲು ಬೇರೆ ಮನೆಯಿಲ್ಲ. ಆದರೆ ಮ್ಯೂಸಿಯಮ್ಮಿನ ಖರ್ಚು ಹೊರುವ ಕೌಂಟಿಯ, ಅಂದರೆ ಜಿಲ್ಲೆಯ, ಮಂಡಳಿಯ ಮುಖ್ಯಸ್ಥ ರೋಲಂಡ್ ಪಿಕೆಟ್ ಹೋದ ಸಭೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಈ ಸಲವೂ ಕೊನೆ ಬಂದರೆ ಮನೆಗೆ ಬೀಗ. ಜಾಗ ಪೆಟ್ರೋಲ್ ಬಂಕಿಗೆ."

ಬಾಗಿಲು ದಡಾರನೆ ತೆರೆಯಿತು. ಬೂಟಿನ ಹಿಮ ಕೊಡವುತ್ತ ಪಿಕೆಟ್ ಒಳಗೆ ಬಂದ. ಕೈಯಲ್ಲಿ ಹೊಸ ಬೀಗ, ಮುಖದಲ್ಲಿ ಎಳ್ಳು ಹಾಕಿದರೆ ಸಿಡಿಯುವಷ್ಟು ಬಿಸಿ. ಕೋಟಿನ ಮೇಲೆ ಹಿಂದಿನ ಅಧ್ಯಕ್ಷರ ಚಿತ್ರವಿದ್ದ ಬಿಲ್ಲೆ. ಅವರಿಗಾಗಿ ಈತ ಕೌಂಟಿಯ ಮನೆಮನೆಯ ಕದ ತಟ್ಟಿ ಪ್ರಚಾರ ಮಾಡಿದ್ದ. ರೇಡಿಯೋದವನು ಈಗಷ್ಟೇ ಕೊನೆಯದಾಗಿ ಓದಿದ್ದು ಆ ಮಹಾನುಭಾವರ ಹೆಸರನ್ನು.

"ಬಾರೋ ರೋಲಂಡ್, ಬಾಯಿ ಸಿಹಿ ಮಾಡ್ಕೋ," ಎಂದಳು ಆರ್ಡಿತ್. ಒಂದೇ ಶಾಲೆಯಲ್ಲಿ ಓದಿದವರು. ಇಬ್ಬರ ನಡುವೆ ಮರ್ಯಾದೆಯ ಮಾತು ಎಂದೂ ಇರಲಿಲ್ಲ. "ಚೆರ್ರಿ ಪೈ ಇನ್ನೂ ಬಿಸಿಯಾಗಿದೆ."

"ನಿನ್ನ ಪೈ ಮನೆ ಹಾಳಾಗ. ರೇಡಿಯೋ ಕೇಳಿದ್ಯಾ?"

"ಕೇಳ್ದೆ. ನಮ್ಮ ಟ್ರಸ್ಕಾಟಜ್ಜ ಒಂದು ಮೆಟ್ಟಿಲು ಹತ್ತಿದ್ದಾನೆ."

"ಹತ್ತಿದ್ನಂತೆ! ಸತ್ತು ನೂರೈವತ್ತು ವರ್ಷ ಆಗಿದೆ. ಗೋರಿಯೊಳಗೆ ಮಲಗಿಕೊಂಡೇ ಅದೇನು ಕಡಿದು ಕಟ್ಟೆ ಹಾಕ್ದ ಅಂತ?"

"ಅವನು ಏನೂ ಮಾಡ್ಲಿಲ್ಲ ಕಣೋ. ಬದುಕಿದ್ದಾಗಲೂ ಮಾಡಿದವನಲ್ಲ. ಮಾಡಿದ್ದೆಲ್ಲ ನಿಮ್ಮವರು."

ಪಿಕೆಟ್‌ನ ಕಿವಿ ಕೆಂಪಾಯಿತು. "ಆ ಪ್ರೊಫೆಸರುಗಳಿಗೆ ಏನು ಗೊತ್ತು, ಮಣ್ಣಂಗಟ್ಟಿ! ಓದಿ ಓದಿ ಮರುಳಾದ ಕೂಚುಭಟ್ಟರು. ಆ ಪಟ್ಟಿನೇ ಬೋಗಸ್ಸು."

"ಅದೇ ಪಟ್ಟಿ ಹಿಡ್ಕೊಂಡು ತಾನೇ ನೀನು ಸಭೇಲಿ ಕುಣಿದಿದ್ದು?"

"ಆಗ ಅದು ಸರಿಯಾಗಿತ್ತು!"

ಆರ್ಡಿತ್‌ಗೆ ನಗು ಬಂತು, ಆದರೆ ನಗಲಿಲ್ಲ. ಬೀಗ ಇನ್ನೂ ಅವನ ಕೈಯಲ್ಲೇ ಇತ್ತು. "ಸರಿ, ನೀನೇ ಹೇಳು. ಪಟ್ಟಿ ನಿಜ ಅಂದ್ರೆ ನಮ್ಮಜ್ಜ ಕೊನೆಯವನಲ್ಲ, ಮನೆ ಉಳೀತು. ಪಟ್ಟಿ ಸುಳ್ಳು ಅಂದ್ರೆ ಅವನು ಯಾವತ್ತೂ ಕೊನೆಯವನಾಗಿರಲೇ ಇಲ್ಲ, ಆಗಲೂ ಮನೆ ಉಳೀತು. ನಿಂಗೆ ಯಾವುದು ಬೇಕೋ ಆರಿಸ್ಕೋ."

ಪಿಕೆಟ್‌ಗೆ ಅತ್ತ ದರಿ, ಇತ್ತ ಪುಲಿ. ಗೋಡೆಯ ಮೇಲಿನ ಚಿತ್ರದಿಂದ ಟ್ರಸ್ಕಾಟ್ ಎಂದಿನಂತೆ ತೂಕಡಿಸುವ ಕಣ್ಣಿನಲ್ಲಿ ಇಬ್ಬರನ್ನೂ ನೋಡುತ್ತಿದ್ದರು. ಆ ಚಿತ್ರವನ್ನೊಮ್ಮೆ ದುರುಗುಟ್ಟಿ ನೋಡಿ ಪಿಕೆಟ್ ಬೀಗವನ್ನು ಕೋಟಿನ ಜೇಬಿಗೆ ಇಳಿಬಿಟ್ಟ.

"ಮಂಡಳಿಗೆ ಪಟ್ಟಿ ಸುಳ್ಳು ಅಂತ ಹೇಳ್ತೀನಿ," ಎಂದ. "ನಡೆಸ್ಕೊಂಡು ಹೋಗು."

ಆರ್ಡಿತ್‌ಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು, ಇದ್ದುದರಲ್ಲೇ ದೊಡ್ಡ ತುಂಡು ಕತ್ತರಿಸಿ ಅವನ ಮುಂದಿಟ್ಟಳು. ಅವನು ತಲೆ ತಗ್ಗಿಸಿ ತಿಂದ. ಅರ್ಧ ತಿಂದು ಚಮಚ ಕೆಳಗಿಟ್ಟ.

"ಆರ್ಡಿತ್, ಅಷ್ಟು ಮನೆ ಬಾಗಿಲಿಗೆ ಹೋಗಿ 'ಇಂಥವರು ಮತ್ತೆ ಹುಟ್ಟಿಬರೋದಿಲ್ಲ' ಅಂತ ಆಣೆ ಹಾಕಿ ಬಂದಿದ್ದೀನಿ ಕಣೆ. ನಾಳೆ ಅಂಗಡಿ ಬೀದೀಲಿ ಹೇಗೆ ತಲೆ ಎತ್ತಲಿ? ನೀವೆಲ್ಲ ಇಷ್ಟು ವರ್ಷ ಈ ಅವಮಾನ ಹೇಗೆ ತಡ್ಕೊಂಡ್ರಿ?"

ಅವನು ನಿಜವಾಗಿ ನೊಂದಿದ್ದ. ಆರ್ಡಿತ್‌ಗೆ ಪಾಪ ಅನಿಸಿತು. ಪಕ್ಕದಲ್ಲಿ ಕೂತು ಅವನ ಬೆನ್ನು ತಟ್ಟಿದಳು.

"ನಮಗಿಂತ ಕಡೆಯವನು ಬರೋಕೆ ನಾವು ನೂರೈವತ್ತು ವರ್ಷ ಕಾದ್ವಿ. ನಿಂಗೆ ಅಷ್ಟು ಕಾಯೋ ಕರ್ಮ ಇಲ್ಲ ಬಿಡೋ," ಎಂದಳು. "ನವೆಂಬರಿನಲ್ಲೇ ಚುನಾವಣೆ ಇದೆಯಲ್ಲ."