ಕಟ್ಟುನಿಟ್ಟಿನ ಅಳತೆ

ಎರಡು ತಿಂಗಳಿಂದ ಮಗಳಿಗೆ ನೆಲದೊಳಗಿಂದ ಗುಂಯ್ ಎನ್ನುವ ಸದ್ದು ಕೇಳಿಸುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಸದ್ದು ಅಳೆಯುವ ಯಂತ್ರಕ್ಕೂ ಕೇಳಿಸದಿದ್ದರೆ ನಾಳೆಯಿಂದಲೇ ಭ್ರಮೆಗೆ ಮಾತ್ರೆ ಶುರು ಎಂದಿದ್ದರು ಡಾಕ್ಟರು.

"ಬೇರೆ ಸದ್ದು ಬೆರೆತರೆ ಅಳತೆ ಕೆಡುತ್ತಮ್ಮಾ," ಎನ್ನುತ್ತ, ಯಂತ್ರ ತಂದಿದ್ದ ತಜ್ಞರು ಫ್ಯಾನು, ಫ್ರಿಜ್ಜು ನಿಲ್ಲಿಸಿದರು. ಗೋಡೆ ಗಡಿಯಾರದ ಸೆಲ್ಲನ್ನೂ ತೆಗೆದರು. ತಾಯಿ ಕುಕ್ಕರ್ ಇಳಿಸಿ ಬಂದು, ಮಗಳನ್ನು ಮಡಿಲಿಗೆಳೆದುಕೊಂಡು ಉಸಿರು ಬಿಗಿಹಿಡಿದು ಕೂತಳು.

"ಅಮ್ಮಾ, ಇವತ್ತು ಕೇಳಿಸ್ತಾನೇ ಇಲ್ಲ," ಎಂದಳು ಮಗಳು.

"ನೋಡಿದ್ರಾ?" ತಜ್ಞರು ಮರುಕದಿಂದ ನಕ್ಕರು. "ಮೂರು ಸಲ ಅಳೆದೆ ತಾಯಿ, ಏನೂ ಇಲ್ಲ."

ತಾಯಿ ಕಣ್ಣೊರೆಸಿಕೊಂಡು ವರದಿಗೆ ಸಹಿ ಹಾಕಿದಳು. ತಜ್ಞರು ಪೆಟ್ಟಿಗೆ ಮುಚ್ಚಿ, ಹಿತ್ತಲಾಚೆಯ ಕಾರ್ಖಾನೆಗೆ ಫೋನು ಮಾಡಿದರು: "ಅಳತೆ ಮುಗೀತು ಸರ್. ಇನ್ನು ನಿಮ್ಮ ಮಷೀನು ಮತ್ತೆ ಶುರು ಮಾಡ್ಕೊಳ್ಳಿ."